ಔಷಧಗಳ ನಡುವಿನ ಗೋಡೆ

ಫೆಬ್ರವರಿ ೧೧

ಹುಡುಕಾಟ ವಿಭಾಗದವರಿಗೆ,

ಮಾನ್ಯರೇ,

ನಾನು ಒಂದು ದೊಡ್ಡ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಮುಖ್ಯ ಫಾರ್ಮಸಿಸ್ಟ್. ತಮ್ಮ ಸಂಸ್ಥೆಯ ಔಷಧ ಕೈಪಿಡಿ ನಮ್ಮ ಕೌಂಟರಿನ ಕಂಪ್ಯೂಟರಿನಲ್ಲಿದೆ. ಹಿಂದೆ ಇದೇ ಕೈಪಿಡಿ ತಲೆದಿಂಬಿನಷ್ಟು ದಪ್ಪದ ಪುಸ್ತಕವಾಗಿತ್ತು. ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ತಿರುವುತ್ತಿದ್ದೆವು. ಈಗ ಎರಡು ಮೂರು ಪದ ಒತ್ತಿದರೆ ಸಾಕು, ಉತ್ತರ ಬರುತ್ತದೆ. ಎಂಥ ಉತ್ತರ ಬರುತ್ತದೆ ಎನ್ನುವುದೇ ಈ ಪತ್ರದ ವಿಷಯ.

ಕಳೆದ ಸೋಮವಾರ ಒಬ್ಬ ತಾಯಿ ಕೈಗೂಸನ್ನು ಎತ್ತಿಕೊಂಡು ಬಂದರು. ಡಾಕ್ಟರ ಚೀಟಿಯಲ್ಲಿ ಒಂದು ಕೆಮ್ಮಿನ ಸಿರಪ್ ಇತ್ತು, ಎಷ್ಟು ಕೊಡಬೇಕೆಂದು ಬರೆದಿರಲಿಲ್ಲ. ಕೌಂಟರಿನಲ್ಲಿದ್ದ ನನ್ನ ಸಹೋದ್ಯೋಗಿ ಸಿರಪ್ಪಿನ ಹೆಸರು, ‘ಮಗು’, ‘ಪ್ರಮಾಣ’ ಎಂದು ಒತ್ತಿದಳು. ಮೊದಲ ಸಾಲಿನಲ್ಲೇ ಪ್ರಮಾಣ ಬಂತು. ಅವಳು ಬಾಟಲಿ ಕೈಗೆತ್ತಿಕೊಂಡಳು. ನಾನು ಚಹಾ ಲೋಟ ಹಿಡಿದು ಹಿಂದೆ ಹಾದುಹೋಗುತ್ತಿದ್ದವಳು ಪರದೆ ನೋಡಿ ನಿಂತೆ. ಆ ಸಿರಪ್ಪನ್ನು ಅಷ್ಟು ಚಿಕ್ಕ ಮಕ್ಕಳಿಗೆ ಕೊಡುವಂತೆಯೇ ಇಲ್ಲ! ಪರದೆಯ ಮೇಲಿದ್ದದ್ದು ಪಕ್ಕದ ಪುಟದ ಬೇರೆ ಸಿರಪ್ಪಿನ ಪ್ರಮಾಣ. ಡಾಕ್ಟರಿಗೆ ಫೋನ್ ಮಾಡಿದೆವು, ಔಷಧ ಬದಲಾಯಿತು, ಮಗು ಮನೆಗೆ ಹೋಯಿತು. ನನ್ನ ಚಹಾ ಮಾತ್ರ ಆರಿಹೋಯಿತು.

ತಮ್ಮ ಜಾಲತಾಣದ ದೂರು ಪೆಟ್ಟಿಗೆಗೆ ಇದನ್ನು ಹಲವು ಸಲ ಬರೆದೆ. ‘ತಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂದು ಕಂಪ್ಯೂಟರೇ ಉತ್ತರ ಕೊಟ್ಟಿತು. ನನ್ನದು ಅಭಿಪ್ರಾಯವಲ್ಲ, ದೂರು. ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ.

ಈ ಪತ್ರ ತೆರೆಯುವವರಿಗೆ ಅಕ್ಷರ ಪರಿಚಿತವೆನಿಸಬಹುದು. ಅದಕ್ಕೂ ದೂರಿಗೂ ಸಂಬಂಧವಿಲ್ಲ.

ಉತ್ತರಕ್ಕಿಂತ ಹೆಚ್ಚಾಗಿ ರಿಪೇರಿಗೆ ಕಾದಿರುವ,
ಮುಖ್ಯ ಫಾರ್ಮಸಿಸ್ಟ್


ಫೆಬ್ರವರಿ ೨೦

ಮುಖ್ಯ ಫಾರ್ಮಸಿಸ್ಟ್ ಅವರಿಗೆ,

ಮಾನ್ಯರೇ,

ತಮ್ಮ ಪತ್ರ ಬಂತು. ಅಕ್ಷರ ಪರಿಚಿತವೇ. ಬಾಲ್ಯದಲ್ಲಿ ನನ್ನ ಕೈ ಹಿಡಿದು ಅ ಆ ತಿದ್ದಿಸಿದ ಚಿಕ್ಕಮ್ಮನದ್ದು. ನಾಲ್ಕು ವರ್ಷದಿಂದ ಆ ಅಕ್ಷರವನ್ನು ನೋಡಿರಲಿಲ್ಲ. ಅದಕ್ಕೂ ದೂರಿಗೂ ಸಂಬಂಧವಿಲ್ಲವೆಂದು ತಾವೇ ಹೇಳಿರುವುದರಿಂದ ಮುಂದಕ್ಕೆ ಹೋಗುತ್ತೇನೆ.

ಆದದ್ದು ಇಷ್ಟು. ಕೈಪಿಡಿಯನ್ನು ನಾವು ಎಕ್ಸ್‌ಎಂಎಲ್ ಎಂಬ ರೀತಿಯಲ್ಲಿ ಇಟ್ಟಿದ್ದೇವೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಎಂದುಕೊಳ್ಳಿ. ಅಧ್ಯಾಯವೊಂದು ದೊಡ್ಡ ಪೆಟ್ಟಿಗೆ. ಅದರೊಳಗೆ ಒಂದೊಂದು ಔಷಧಕ್ಕೆ ಒಂದೊಂದು ಪೆಟ್ಟಿಗೆ. ಔಷಧದೊಳಗೆ ಪ್ರಮಾಣ, ಎಚ್ಚರಿಕೆ ಎಂದು ಇನ್ನೂ ಚಿಕ್ಕವು. ಪ್ರತಿ ಪೆಟ್ಟಿಗೆಯ ಮೇಲೂ ಅದರಲ್ಲಿ ಏನಿದೆ ಎಂಬ ಚೀಟಿ ಅಂಟಿಸಿರುತ್ತದೆ. ಯಾರಾದರೂ ಮೂರು ಪದ ಕೊಟ್ಟರೆ, ಮೂರೂ ಸೇರಿ ಇರುವ ಅತಿ ಚಿಕ್ಕ ಪೆಟ್ಟಿಗೆಯನ್ನು ಹುಡುಕಿ ತೋರಿಸುವುದು ನಮ್ಮ ನಿಯಮ. ಬಹುತೇಕ ಇದು ಸರಿಯಾಗಿಯೇ ನಡೆಯುತ್ತದೆ.

ತಾವು ಹೇಳಿದ ಸಿರಪ್ಪಿನ ಪೆಟ್ಟಿಗೆಯಲ್ಲಿ ‘ಮಗು’ ಎಂಬ ಪದವೇ ಇಲ್ಲ. ಹೆಸರು ಒಂದು ಔಷಧದಲ್ಲಿ ಸಿಕ್ಕಿತು, ‘ಮಗು’ವೂ ‘ಪ್ರಮಾಣ’ವೂ ಪಕ್ಕದ ಔಷಧದಲ್ಲಿ. ಮೂರೂ ಒಟ್ಟಿಗಿರುವ ಅತಿ ಚಿಕ್ಕ ಪೆಟ್ಟಿಗೆ ಎಂದರೆ ಇಡೀ ಅಧ್ಯಾಯ. ಅಧ್ಯಾಯವನ್ನೇ ಉತ್ತರವೆಂದುಕೊಂಡು, ಅದರಲ್ಲಿ ಉಪಯುಕ್ತವಾಗಿ ಕಂಡ ಸಾಲನ್ನು ಯಂತ್ರ ಮೇಲಕ್ಕೆ ತಂದಿಟ್ಟಿತು. ಯಂತ್ರದ ಮಟ್ಟಿಗೆ ಅದು ನಿಯಮ ಪಾಲಿಸಿದೆ. ನಿಯಮವೇ ತಪ್ಪು.

ಕೌಂಟರಿನಲ್ಲಿ ನಿಂತವರು ನಿಜಕ್ಕೂ ಯಾವ ಪದಗಳನ್ನು ಒತ್ತುತ್ತಾರೆ, ಯಾವ ಉತ್ತರ ಬಯಸುತ್ತಾರೆ ಎಂದು ಬರೆದು ಕಳಿಸಿದರೆ ಬಹಳ ಸಹಾಯವಾಗುತ್ತದೆ. ನಾವಿಲ್ಲಿ ಊಹಿಸಿಕೊಂಡು ಕೂತಿದ್ದೇವೆ.

ಅಮ್ಮ ಫೋನಿನಲ್ಲಿ ಎಲ್ಲ ಮಾತಾಡುತ್ತಾಳೆ. ತಮ್ಮ ವಿಷಯ ಬಂದರೆ ಹೊಲಿಗೆಯ ಮಾತು ತೆಗೆಯುತ್ತಾಳೆ. ಕಚೇರಿ ಪತ್ರದಲ್ಲಿ ಇದನ್ನು ಬರೆಯಬಾರದು. ಬರೆದಾಯಿತು.

ರಿಪೇರಿಗೆ ಕೈಹಾಕಿರುವ,
ಹುಡುಕಾಟ ವಿಭಾಗದ ಇಂಜಿನಿಯರ್


ಮಾರ್ಚ್ ೩

ಇಂಜಿನಿಯರ್ ಅವರಿಗೆ,

ಪೆಟ್ಟಿಗೆಗಳ ವಿಷಯ ಅರ್ಥವಾಯಿತು. ನಮ್ಮ ಔಷಧ ಕೋಣೆಯೂ ಹಾಗೇ ಇದೆ. ಕಪಾಟು, ಅದರಲ್ಲಿ ಅರೆ, ಅರೆಯಲ್ಲಿ ಡಬ್ಬ. ಎರಡು ಮಾತ್ರೆ ಒಂದೇ ಕಪಾಟಿನಲ್ಲಿವೆ ಎಂದ ಮಾತ್ರಕ್ಕೆ ಒಂದರ ಬದಲು ಇನ್ನೊಂದನ್ನು ಕೊಟ್ಟರೆ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ. ತಮ್ಮ ಯಂತ್ರವನ್ನು ಇನ್ನೂ ಇಟ್ಟುಕೊಂಡಿದ್ದಾರೆ.

ಕೇಳಿದ ಪದಗಳನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿದ್ದೇನೆ. ಒಂದು ಮಾತು ಗಮನದಲ್ಲಿರಲಿ: ಯಾರೂ ಪೂರ್ತಿ ವಾಕ್ಯ ಒತ್ತುವುದಿಲ್ಲ. ಎದುರಿಗೆ ಜನರ ಸಾಲು ಇರುತ್ತದೆ, ಹಿಂದಿನಿಂದ ಯಾರೋ ‘ಇನ್ನೆಷ್ಟೊತ್ತು’ ಎನ್ನುತ್ತಿರುತ್ತಾರೆ. ‘ಬಸುರಿ ತಲೆನೋವು’ ಎಂದಷ್ಟೇ ಒತ್ತುತ್ತಾರೆ. ಬಸುರಿಗೆ ತಲೆನೋವಿಗೆ ಯಾವ ಮಾತ್ರೆ ಕೊಡಬಹುದು ಎಂಬುದು ಪ್ರಶ್ನೆ. ಯಂತ್ರವೋ, ಯಾವ ಮಾತ್ರೆ ತಿಂದರೆ ಬಸುರಿಗೆ ತಲೆನೋವು ಬರುತ್ತದೆ ಎಂದು ಹೇಳುತ್ತದೆ. ಪದ ‘ಉಪಯೋಗ’ದ ಪೆಟ್ಟಿಗೆಯಲ್ಲಿದೆಯೋ ‘ಅಡ್ಡಪರಿಣಾಮ’ದ ಪೆಟ್ಟಿಗೆಯಲ್ಲಿದೆಯೋ ನೋಡಬೇಡವೇ? ಚೀಟಿ ಅಂಟಿಸಿದ್ದು ಯಾತಕ್ಕೆ?

ಇನ್ನೊಂದು. ಉತ್ತರ ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನಲಿ. ಅದರಲ್ಲಿ ನಾಚಿಕೆಯೇನಿಲ್ಲ.

ಇಷ್ಟು ಅವಸರ ಯಾಕೆಂದರೆ, ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಜೂನ್‌ನಲ್ಲಿ ಬಲಗಣ್ಣಿನ ಆಪರೇಷನ್. ಆಮೇಲೆ ಕೆಲವು ವಾರ ರಜೆ. ಚಹಾ ಲೋಟ ಹಿಡಿದು ಹಿಂದೆ ಹಾದುಹೋಗುವವರು ಆಗ ಯಾರೂ ಇರುವುದಿಲ್ಲ.

ನಿಮ್ಮಮ್ಮ ಈಗ ಶಾಲೆಯೊಂದಕ್ಕೆ ಪರದೆ ಹೊಲಿಯುತ್ತಿದ್ದಾಳೆ. ನಮ್ಮಿಬ್ಬರ ಮನೆ ತುಂಬ ನೀಲಿ ಬಟ್ಟೆ. ಇದು ದೂರಿನ ಭಾಗವಲ್ಲ.

ಮುಖ್ಯ ಫಾರ್ಮಸಿಸ್ಟ್


ಮಾರ್ಚ್ ೨೯

ಚಿಕ್ಕಮ್ಮನವರಿಗೆ,

ಕಚೇರಿಯ ಲೆಟರ್‌ಹೆಡ್ ಮುಗಿದಿದೆ, ಅದಕ್ಕೆ ಬಿಳಿ ಹಾಳೆ.

ನೀವು ಕಳಿಸಿದ ಪದಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಅರ್ಧಕ್ಕರ್ಧ ಉತ್ತರ ಉಲ್ಟಾಪಲ್ಟಾ. ಎರಡು ದಿನ ಊಟ ರುಚಿಸಲಿಲ್ಲ. ಆಮೇಲೆ ಕೂತು ಹೊಸ ನಿಯಮ ಬರೆದೆ. ಪ್ರತಿ ಔಷಧದ ಸುತ್ತ ಒಂದು ಗೋಡೆ. ಪದಗಳೆಲ್ಲ ಗೋಡೆಯೊಳಗೇ ಸಿಕ್ಕರೆ ಮಾತ್ರ ಉತ್ತರ. ಮುತ್ತಜ್ಜನ ಲೆಕ್ಕ ಹಿಡಿದು ಹೊರಟರೆ ಊರಿನವರೆಲ್ಲ ನೆಂಟರೇ ಆಗುತ್ತಾರೆ. ಒಂದೇ ಮನೆಯಲ್ಲಿ ಉಂಡು ಮಲಗುವವರನ್ನು ಮಾತ್ರ ಮನೆಯವರು ಎನ್ನೋಣ ಎಂದಂತೆ. ಪದ ಯಾವ ಚೀಟಿಯ ಪೆಟ್ಟಿಗೆಯಲ್ಲಿದೆ ಎಂದೂ ನೋಡುತ್ತೇನೆ. ‘ಬಸುರಿ ತಲೆನೋವು’ ಈಗ ಸರಿಯಾಗಿ ಬರುತ್ತಿದೆ.

ನಮ್ಮ ವಿಭಾಗದ ಮುಖ್ಯಸ್ಥರು ಮಾತಿಗೊಮ್ಮೆ ವಾಚು ನೋಡುತ್ತಾರೆ. ಅವರನ್ನು ನಾವೆಲ್ಲ ಗಡಿಯಾರ ಎನ್ನುತ್ತೇವೆ. ಸಭೆಯಲ್ಲಿ ಅವರು ಒಪ್ಪಲಿಲ್ಲ.

"ಖಾಲಿ ಪುಟ ತೋರ್ಸಿದ್ರೆ ಆಸ್ಪತ್ರೆಯವ್ರು ಏನಂತಾರೆ? ಸಾಫ್ಟ್‌ವೇರ್ ಕೆಟ್ಟೋಗಿದೆ ಅಂತಾರೆ."

"ತಪ್ಪು ಉತ್ತರ ತೋರ್ಸಿದ್ರೆ ಏನಂತಾರೆ ಸಾರ್?"

"ತಪ್ಪು ಅಂತ ಅವ್ರಿಗೆ ಗೊತ್ತಾಗಲ್ವಲ್ಲ," ಎಂದುಬಿಟ್ಟರು.

ತಾವೇ ಏನು ಹೇಳಿದೆವೆಂದು ಅವರಿಗೂ ಕೇಳಿಸಿತೆಂದು ಕಾಣುತ್ತದೆ. ವಾಚು ನೋಡಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು. ನಾನು ನಿಮ್ಮ ಮೊದಲ ಪತ್ರವನ್ನು ಎಲ್ಲರೆದುರು ಓದಿದೆ.

"ಯಾರಮ್ಮ ಈ ಹೆಂಗಸು? ಮಾತು ಚುಚ್ಚಿದ ಹಾಗಿದೆ," ಎಂದರು.

"ನನ್ನ ಚಿಕ್ಕಮ್ಮ ಸಾರ್."

"ಓ," ಎಂದರು. "ನೀನೂ ಹಂಗೇ ಮಾತಾಡ್ತೀಯ, ಈಗ ಗೊತ್ತಾಯ್ತು."

ಸದ್ಯಕ್ಕೆ ನಿಮ್ಮ ಆಸ್ಪತ್ರೆಯೊಂದರಲ್ಲೇ ಪರೀಕ್ಷೆಗೆ ಹಾಕಲು ಅನುಮತಿ ಕೊಟ್ಟಿದ್ದಾರೆ. ಸೋಮವಾರದಿಂದ ಬರುತ್ತದೆ. ಬಯ್ಯುವುದಿದ್ದರೆ ಧಾರಾಳವಾಗಿ ಬಯ್ಯಿರಿ.

ನಿಮ್ಮ ಅಕ್ಕನ ಮಗಳು


ಏಪ್ರಿಲ್ ೧೮

ಅಕ್ಕನ ಮಗಳಿಗೆ,

ಬಯ್ಯಲು ಅನುಮತಿ ಕೊಟ್ಟಿದ್ದೀಯ, ಬಳಸಿಕೊಳ್ಳುತ್ತೇನೆ.

ಸುಳ್ಳು ಹೇಳುವುದು ನಿಂತಿದೆ, ಒಪ್ಪಿದೆ. ಆ ಕೆಮ್ಮಿನ ಸಿರಪ್ಪಿಗೆ ಈಗ ‘ಉತ್ತರ ಇಲ್ಲ’ ಎನ್ನುತ್ತದೆ. ಸರಿ. ಆದರೆ ಅದೇ ಚಾಳಿ ಹಿಡಿದುಕೊಂಡುಬಿಟ್ಟಿದೆ. ನನ್ನ ಸಹೋದ್ಯೋಗಿ, ಎಲ್ಲರೂ ಉದ್ದಕ್ಕ ಎನ್ನುವವಳು, ಮೇಲಿನ ಅರೆಗೆ ಏಣಿಯಿಲ್ಲದೆ ಕೈ ತಲುಪುತ್ತದೆ ಅವಳಿಗೆ, ನಿನ್ನೆ ಕೀಬೋರ್ಡನ್ನೇ ದೂಡಿ ಹೇಳಿದಳು: "ಮುಂಚೆ ಬಾಯಿಗೆ ಬಂದದ್ದು ಹೇಳ್ತಿತ್ತು. ಈಗ ಮೌನವ್ರತ ಹಿಡ್ದಿದೆ. ಇದಕ್ಕಿಂತ ಆ ದಿಂಬಿನ ಪುಸ್ತಕಾನೇ ವಾಸಿ."

ಯಾವಾಗ ಮೌನ ಎಂದರೆ, ಎರಡು ಔಷಧದ ಹೆಸರು ಒಟ್ಟಿಗೆ ಒತ್ತಿದಾಗ. ನಮಗೆ ಬೇಕಾದದ್ದು ಹೆಚ್ಚಾಗಿ ಅದೇ. ಇದನ್ನು ತಿನ್ನುತ್ತಿರುವವರಿಗೆ ಅದನ್ನು ಕೊಡಬಹುದೋ ಇಲ್ಲವೋ? ಒಬ್ಬೊಬ್ಬ ಮುದುಕರ ಚೀಟಿ ನನ್ನ ಮೊಣಕೈಯಷ್ಟು ಉದ್ದ ಇರುತ್ತದೆ. ಹಳೆಯ ಪುಸ್ತಕದಲ್ಲಿ ಇಂಥದ್ದೆಲ್ಲ ಕೊನೆಯ ಅನುಬಂಧದಲ್ಲಿ ಇರುತ್ತಿತ್ತು. ಔಷಧದ ಪುಟದಲ್ಲಿ ‘ಅನುಬಂಧ ನೋಡಿ’ ಎಂದು ಸಣ್ಣ ಅಕ್ಷರ. ನಾವು ಹಿಂದಕ್ಕೆ ತಿರುವಿ ನೋಡುತ್ತಿದ್ದೆವು. ನಿನ್ನ ಗೋಡೆ ಕಟ್ಟಿದ ಮೇಲೆ ಇಬ್ಬರೂ ಅವರವರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಜಗಳ ಆಡುವವರು ಯಾರು ಯಾರೆಂದು ಹೊರಗಿನವರಿಗೆ ಗೊತ್ತಾಗುವುದಾದರೂ ಹೇಗೆ?

ನಿಮ್ಮಮ್ಮನೂ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಾಳಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದಂದಿನಿಂದ. ಅದರ ಜೊತೆಗೆ ಆಗದ ಔಷಧಗಳು ಎಷ್ಟಿವೆ ಎಂದು ನನಗೆ ಬಾಯಿಪಾಠ. ಎಲ್ಲರಿಗೂ ಇರಬೇಕೆಂದಿಲ್ಲವಲ್ಲ.

ಮೇಲೆ ‘ನೀನು’ ಎಂದು ಬರೆದಿದ್ದೇನೆ. ಈಗಷ್ಟೇ ನೋಡಿದೆ. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ, ಇರಲಿ.

ಚಿಕ್ಕಮ್ಮ


ಮೇ ೧೦

ಚಿಕ್ಕಮ್ಮ,

ಇರಲಿ. ನಾನೂ ‘ನೀನು’ ಎಂದೇ ಬರೆಯುತ್ತೇನೆ. ಬೇರೆ ಏನು ಬರೆದರೂ ಕೈ ತಡವರಿಸುತ್ತದೆ.

‘ನೋಡಿ’ ಎಂಬ ಆ ಸಣ್ಣ ಅಕ್ಷರ ನಮ್ಮ ಕಡತಗಳಲ್ಲೂ ಇತ್ತು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದು ಗೋಡೆಗೆ ಬಾಗಿಲು ಕಣೇ! ಔಷಧದ ಪೆಟ್ಟಿಗೆಯಿಂದ ಆ ಬಾಗಿಲು ದಾಟಿ ಅನುಬಂಧಕ್ಕೆ ಹೋಗಲು ಯಂತ್ರಕ್ಕೆ ದಾರಿ ಮಾಡಿಕೊಟ್ಟೆ. ಮೊದಲ ದಿನ ಫಜೀತಿಯಾಯಿತು. ಒಂದು ಬಾಗಿಲು ದಾಟಿದರೆ ಇನ್ನೊಂದು, ಅದನ್ನು ದಾಟಿದರೆ ಮತ್ತೊಂದು. ಕೊನೆಗೆ ಎಲ್ಲ ಔಷಧಕ್ಕೂ ಎಲ್ಲ ಔಷಧವೂ ಗಂಟುಬಿತ್ತು. ಆಮೇಲೆ ಒಂದೇ ಬಾಗಿಲು ದಾಟಬೇಕು, ಅದೂ ಎಚ್ಚರಿಕೆಯ ಪೆಟ್ಟಿಗೆಯಲ್ಲಿದ್ದ ಬಾಗಿಲನ್ನು ಮೊದಲು ನೋಡಬೇಕು ಎಂದು ಕಟ್ಟು ಮಾಡಿದೆ. ಈಗ ಹಿಡಿತಕ್ಕೆ ಬಂದಿದೆ.

ಪ್ರತಿ ಉತ್ತರದ ಮೇಲೂ ಅದು ಎಲ್ಲಿಂದ ಬಂತು ಎಂಬುದು ಕಾಣುತ್ತದೆ: ಯಾವ ಅಧ್ಯಾಯ, ಯಾವ ಔಷಧ, ಯಾವ ಪೆಟ್ಟಿಗೆ. ಉತ್ತರ ಇಲ್ಲದಿದ್ದರೆ ಬರೀ ‘ಇಲ್ಲ’ ಎನ್ನುವುದಿಲ್ಲ. ‘ಈ ಔಷಧದಲ್ಲಿ ಮಗು ಎಂಬ ಮಾತೇ ಇಲ್ಲ, ಕೊಡುವ ಮೊದಲು ಕೇಳಿ’ ಎನ್ನುತ್ತದೆ. ಅಕ್ಷರ ದಪ್ಪಗೆ ಮಾಡಿಸಿದ್ದೇನೆ. ಉದ್ದಕ್ಕನಿಗೆ ಹೇಳು, ಕೀಬೋರ್ಡ್ ವಾಪಸ್ ಎಳೆದುಕೊಳ್ಳಲಿ.

ಗಡಿಯಾರ ಸಾಹೇಬರು ಇದನ್ನು ಮಳೆಗಾಲ ಮುಗಿದ ಮೇಲೆ ಕಳಿಸೋಣ ಎಂದರು. ಜೂನ್‌ಗೆ ಮೊದಲೇ ಹೋಗಬೇಕು ಎಂದೆ. ಯಾಕೆ ಜೂನ್ ಎಂದು ಕೇಳಿದರು. ಹೇಳಿದೆ. "ನಮ್ಮಮ್ಮನಿಗೂ ಪೊರೆ ಬಂದಿತ್ತು," ಎಂದು ಸಹಿ ಹಾಕಿದರು.

ಆಪರೇಷನ್ ದಿನ ನಾನು ಬರಲೇ?

ನಿನ್ನ ಅಕ್ಕನ ಮಗಳು


ಮೇ ೨೧

ಮಗೂ,

ಕೀಬೋರ್ಡ್ ವಾಪಸ್ ಬಂದಿದೆ. ಉದ್ದಕ್ಕ ಎಷ್ಟೋ ಜೋಡಿಗಳನ್ನು ಒತ್ತಿ ಒತ್ತಿ ಪರೀಕ್ಷೆ ಮಾಡಿದಳು. ನಾನು ಪಕ್ಕದಲ್ಲಿ ಹಳೆಯ ಪುಸ್ತಕ ತೆರೆದುಕೊಂಡು ತಾಳೆ ನೋಡಿದೆ. ಒಂದು ಕಡೆ ಮಾತ್ರ ವ್ಯತ್ಯಾಸ ಬಂತು. ನೋಡಿದರೆ ತಪ್ಪು ಪುಸ್ತಕದ್ದೇ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಆಪರೇಷನ್ನಿಗೆ ಬರಬೇಡ. ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರೆ, ಇನ್ನೊಂದು ಕಣ್ಣು ಹೇಗೂ ಮಂಜು. ನೀನು ಬಂದರೂ ಮುಖ ಕಾಣಿಸುವುದಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಬಾ.

ಚಿಕ್ಕಮ್ಮ


ಜೂನ್ ೨೦

ಮಗೂ,

ಅಕ್ಷರ ದೊಡ್ಡದಾಗಿದೆ, ಸಾಲು ಓರೆಯಾಗಿದೆ, ಹೊಂದಿಸಿಕೊಂಡು ಓದು. ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನಿಮ್ಮಮ್ಮ ಚೆನ್ನಾಗಿದ್ದಾಳೆ. ಈಗ ನನ್ನೆದುರೇ ಬ್ರೆಡ್ಡು ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಾಳೆ, ನರ್ಸಿನ ಸಮವಸ್ತ್ರದ ಹೊಲಿಗೆ ಸರಿಯಿಲ್ಲವೆಂದು ಅವಳಿಗೇ ಹೇಳುತ್ತಿದ್ದಾಳೆ. ಇನ್ನು ಸಮಾಧಾನವಾಗಿ ಓದು.

ನನ್ನ ಆಪರೇಷನ್ ಆದ ವಾರ ಅವಳಿಗೆ ಜ್ವರ ಬಂತು. ಮಾರನೆಯ ಬೆಳಿಗ್ಗೆ ನಡುಕ, ಎದ್ದು ನಿಲ್ಲಲಾಗಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ನಮ್ಮ ಆಸ್ಪತ್ರೆಗೇ ಕರೆತಂದೆ. ಮೂತ್ರದ ಸೋಂಕು ರಕ್ತಕ್ಕೆ ಏರುತ್ತಿದೆ ಎಂದರು, ದಾಖಲು ಮಾಡಿಕೊಂಡರು. "ಅವ್ಳಿಗೆ ಹೇಳ್ಬೇಡ, ಕೆಲಸ ಬಿಟ್ಟು ಓಡ್ಬರ್ತಾಳೆ," ಎಂದು ನನ್ನ ಕೈ ಹಿಡಿದುಕೊಂಡಳು. ಹೇಳಲಿಲ್ಲ. ಕೋಪ ಮಾಡಿಕೋ, ಆದರೆ ಓದು.

ವಾರ್ಡು ತುಂಬಿತ್ತು. ಡ್ಯೂಟಿ ಡಾಕ್ಟರು ಒಬ್ಬರೇ, ಇಡೀ ದಿನ ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಓಡಾಡುತ್ತಿದ್ದರು. ಅವರು ಒಂದು ಆಂಟಿಬಯಾಟಿಕ್ ಬರೆದು ಕೆಳಗೆ ಕಳಿಸಿದರು. ನಾನು ಹಾಸಿಗೆಯ ಪಕ್ಕವೇ ಕೂತಿದ್ದೆ ಕಣೇ. ಚೀಟಿ ನನ್ನ ಮುಂದೆಯೇ ಹೋಯಿತು. ಬಲಗಣ್ಣಿಗೆ ಪಟ್ಟಿ, ಎಡಗಣ್ಣಿಗೆ ಮಂಜು. ಅದರಲ್ಲಿ ಏನು ಬರೆದಿದೆ ಎಂದು ನನಗೆ ಕಾಣಿಸಲಿಲ್ಲ. ಇಷ್ಟು ವರ್ಷ ಯಾರ ಯಾರದೋ ಚೀಟಿ ಓದಿದ್ದೇನೆ, ಅಕ್ಕನ ಚೀಟಿ ಓದಲಾಗಲಿಲ್ಲ.

ಕೌಂಟರಿನಲ್ಲಿ ಉದ್ದಕ್ಕ ಇದ್ದಳು. ರೋಗಿ ಮೊದಲಿನಿಂದ ತಿನ್ನುವ ಔಷಧಗಳ ಸಾಲಿನಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ನೋಡಿ, ಎರಡೂ ಹೆಸರು ಒಟ್ಟಿಗೆ ಒತ್ತಿದಳು. ಮೊದಲ ಸಾಲಿನಲ್ಲೇ ಬಂತಂತೆ. ಅನುಬಂಧ, ಜೊತೆಗೆ ಕೊಡಬಾರದ ಔಷಧಗಳು, ರಕ್ತಸ್ರಾವದ ಅಪಾಯ, ಬೇರೆಯದನ್ನು ಆರಿಸಿ. ದಪ್ಪ ಅಕ್ಷರದಲ್ಲಿ. ಅವಳು ಆ ಕೂಡಲೇ ವಾರ್ಡಿಗೆ ಫೋನ್ ಮಾಡಿದಳು.

ಡಾಕ್ಟರು ಹಾಸಿಗೆಯ ಹತ್ತಿರ ಬಂದು ಚೀಟಿ ಬದಲಾಯಿಸಿದರು. "ಕೆಳಗಡೆಯವ್ರು ಒಳ್ಳೆ ಟೈಮಿಗೆ ಹೇಳಿದ್ರು. ಎರಡನ್ನೂ ಒಟ್ಟಿಗೆ ಕೊಟ್ಟಿದ್ರೆ ಕಷ್ಟ ಆಗ್ತಿತ್ತು," ಎಂದು ಬೆವರು ಒರೆಸಿಕೊಂಡರು. ಬೇರೆ ಔಷಧ ಏರಿಸಿದರು. ಸಂಜೆ ಹೊತ್ತಿಗೆ ಜ್ವರ ಇಳಿಯತೊಡಗಿತು. ಮರುದಿನ ಅವಳೇ ಎದ್ದು ಕೂತಳು.

ನಾನು ಹೊರಗೆ ಬೆಂಚಿನ ಮೇಲೆ ಹೋಗಿ ಕೂತೆ. ಕಣ್ಣಿಗೆ ನೀರು ತಾಗಬಾರದು ಎಂದಿದ್ದರು ಕಣ್ಣಿನ ಡಾಕ್ಟರು. ಒಳಗಿನಿಂದಲೇ ಬಂದರೆ ನಾನೇನು ಮಾಡಲಿ?

ನಾನು ಕೌಂಟರಿನಲ್ಲಿದ್ದಿದ್ದರೆ ಹಿಡಿಯುತ್ತಿದ್ದೆ. ನಾನಿರಲಿಲ್ಲ. ನೀನಿದ್ದೆ.

ಪಟ್ಟಿ ಬಿಚ್ಚಿದ್ದಾರೆ. ಬಾ.

ಚಿಕ್ಕಮ್ಮ


ಜೂನ್ ೨೩

ಚಿಕ್ಕಮ್ಮ,

ನಿನ್ನ ಪತ್ರ ಓದಿ ಮೊದಲು ಅಮ್ಮನಿಗೆ ಫೋನ್ ಮಾಡಿ ಕೂಗಾಡಿದೆ. ಆಮೇಲೆ ಅತ್ತುಬಿಟ್ಟೆ. ಆಮೇಲೆ ಗಡಿಯಾರ ಸಾಹೇಬರ ಕೋಣೆಗೆ ಹೋಗಿ ನಿನ್ನ ಪತ್ರವನ್ನೇ ಅವರ ಮುಂದಿಟ್ಟೆ. ನಿಧಾನವಾಗಿ ಓದಿದರು, ಎರಡು ಸಲ. ವಾಚು ನೋಡಲಿಲ್ಲ. "ಎಲ್ಲ ಆಸ್ಪತ್ರೆಗೂ ಕಳ್ಸೋಣ," ಎಂದರು. "ನೀನು ಮೊದ್ಲು ಊರಿಗೆ ಹೊರಡು."

ಈ ಕಾಗದಕ್ಕಿಂತ ಮೊದಲು ನಾನೇ ನಿಮ್ಮ ಬಾಗಿಲಲ್ಲಿರುತ್ತೇನೆ. ಆದರೂ ಬರೆದೆ. ಬಸ್ಸು ಬರುವವರೆಗೆ ಕೈ ಸುಮ್ಮನಿರಲಿಲ್ಲ.

ನಿನ್ನ ಮಗು


ಜುಲೈ ೯

ಮಗಳೇ,

ನಾನು ಕಾಗದ ಬರೆಯುವವಳಲ್ಲ, ಫೋನ್ ಇರುವಾಗ ಇದೆಲ್ಲ ಯಾತಕ್ಕೆ ಎನ್ನುವವಳು. ಆದರೆ ನೀವಿಬ್ಬರೂ ಅಷ್ಟು ತಿಂಗಳು ನನಗೆ ಒಂದಕ್ಷರ ತಿಳಿಯದ ಹಾಗೆ ಪತ್ರ ಬರೆದುಕೊಂಡಿರಿ ಎಂದು ಗೊತ್ತಾದ ಮೇಲೆ ನನಗೂ ಹೊಟ್ಟೆಕಿಚ್ಚಾಯಿತು.

ನೀನು ಹೋದ ಮೇಲೆ ನಾನು ಮೆಷಿನ್ ಮುಂದೆ ಕೂತಿದ್ದೇನೆ. ಡಾಕ್ಟರು ಇನ್ನು ಬರಬೇಕಿಲ್ಲ ಎಂದಿದ್ದಾರೆ. ನಿನ್ನ ಚಿಕ್ಕಮ್ಮ ಕೆಲಸಕ್ಕೆ ಹೋಗುತ್ತಿದ್ದಾಳೆ. ಬಲಗಣ್ಣಿನಲ್ಲಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿದೆಯಂತೆ. ಮನೆಯಲ್ಲಿ ಇಷ್ಟು ಧೂಳಿತ್ತೇ ಎಂದು ನನ್ನನ್ನು ಬಯ್ಯುತ್ತಿದ್ದಾಳೆ.

ಒಂದು ಮಾತು ಹೇಳಬೇಕೆಂದೇ ಬರೆಯಲು ಕೂತೆ. ನೀನು ಬಂದ ಮೊದಲ ದಿನ ನೀವಿಬ್ಬರೂ ಹೊಸ ನೆಂಟರ ಹಾಗೆ ಕೂತಿದ್ದಿರಿ. ‘ಚಹಾ ಬೇಕಾ’, ‘ಬೇಡ, ನಿನಗೆ?’, ‘ನನಗೂ ಬೇಡ’. ನನಗೆ ಹಾಸಿಗೆಯಲ್ಲಿ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಅವಳು ಸೇರಿಸಿದ ಫಾರ್ಮಸಿ ಕಾಲೇಜನ್ನು ನೀನು ಬಿಟ್ಟು, ನೀವಿಬ್ಬರೂ ಮಾತು ಬಿಟ್ಟ ದಿನದಿಂದ ಈ ಮನೆಯಲ್ಲಿ ಒಂದು ಏರುದನಿ ಕೇಳಿರಲಿಲ್ಲ. ಅವಳು ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಟ್ಟು ಪೇಪರ್ ಹಿಡಿದು ಕೂತರೆ ಮುಗಿಯಿತು. ಹೊಲಿಗೆ ಮೆಷಿನ್ ನಿಲ್ಲಿಸಿದರೆ ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಶುರುವಾಯಿತು ನೋಡು. ನನಗೆ ಮಾತ್ರೆ ಊಟದ ಮೊದಲೋ ಆಮೇಲೋ ಎಂದು. "ಮೂರು ವರ್ಷ ಓದಿ ಬಿಟ್ಟವ್ಳು ನನಗೆ ಹೇಳ್ಕೊಡ್ತೀಯಾ?" ಎಂದಳು ಅವಳು. "ಬಿಟ್ಟಿದ್ದಕ್ಕೇ ಹುಡುಕೋದು ಕಲ್ತಿದ್ದು, ಇರು ಒತ್ತಿ ತೋರಿಸ್ತೀನಿ," ಎಂದೆ ನೀನು. "ಒತ್ತು, ಒತ್ತು, ನಾನೂ ನೋಡ್ತೀನಿ!" ಪಾತ್ರೆ ಬಿದ್ದ ಸದ್ದು. ಆಮೇಲೆ ನಗು. ಯಾರದು ಮೊದಲು ಎಂದು ಗೊತ್ತಾಗಲಿಲ್ಲ, ಇಬ್ಬರ ನಗುವೂ ಒಂದೇ ತರಹ. ಮತ್ತೆ ಜಗಳ, ಇನ್ನೂ ಜೋರಾಗಿ.

ಪಕ್ಕದ ಮನೆಯವರು ಬಾಗಿಲಿಗೆ ಬಂದು, "ಏನಾಯ್ತು, ಏನಾದ್ರೂ ತೊಂದ್ರೆಯಾ?" ಎಂದು ಕೇಳಿದರು. "ಏನಿಲ್ಲ, ನಮ್ಮನೇಲಿ ಮಾತಾಡ್ತಿದಾರೆ," ಎಂದೆ.

ಆಮೇಲೆ ಹೊದಿಕೆ ಎಳೆದುಕೊಂಡೆ. ಎಷ್ಟೋ ದಿನದ ಮೇಲೆ ಅಂಥ ನಿದ್ದೆ ಬಂತು ನನಗೆ.

ಅಮ್ಮ